ಮೊರ ಹಿಂದಿರುಗಿಸಿದವಳು

“ಅಯ್ಯ, ಆ ಕಡಿಂದಲ್ಲವ್ವ! ಹಿತ್ತಲ ಬಾಗಲಿಂದ ಬಾ...”

ಮೆಟ್ಟಿಲ ಮೇಲಿಟ್ಟ ಪಂಚಶೀಲಾಳ ಕಾಲು ಅಲ್ಲೇ ನಿಂತಿತು.

ಈಗಷ್ಟೇ ಇದೇ ಬಾಯಿ ಎಷ್ಟು ಸಿಹಿಯಾಗಿತ್ತು! “ಬಾರವ್ವ ಸಿಸ್ಟರ್, ಬಿಸಲಾಗ ಬಂದೀದಿ, ಮಜ್ಜಿಗಿ ಕುಡಿ” ಎಂದಿತ್ತು. ಕಿಣ್ಣಿ ಸುಲ್ತಾನ ಎಂಬ ಊರಿನ ಹಣಮಂತರಾಯರ ಹೆಂಡತಿ ಸುಭದ್ರಾಬಾಯಿ, ಬಿಳಿ ಸಮವಸ್ತ್ರದ ಹುಡುಗಿಯನ್ನು ಕಂಡು ತಾವೇ ಬಾಗಿಲವರೆಗೂ ಬಂದಿದ್ದರು. ಆಮೇಲೆ ಎಲ್ಲರೂ ಕೇಳುವ ಆ ಪ್ರಶ್ನೆ ಕೇಳಿದರು.

“ಯಾವೂರು? ಯಾರ ಮನಿಯಾಕಿ?”

ಪಂಚಶೀಲಾ ಮುಚ್ಚಿಡಲಿಲ್ಲ. “ಹಿರೋಳ್ಳಿ ಅಂಬುಬಾಯಿ ಮೊಮ್ಮಗಳ್ರಿ. ಬೆಳದದ್ದು ಪುಣೆದಾಗ.”

“ಅಂಬುಬಾಯಿ... ಯಾವ ಅಂಬುಬಾಯಿ?”

“ಮೊದಲ ಸೂಲಗಿತ್ತಿ ಇದ್ರಲ್ರಿ...”

“ಏ, ಸೂಲಗಿತ್ತಿ ಮೊಮ್ಮಗಳಾ!” ಸುಭದ್ರಾಬಾಯಿಯ ಮುಖ ಅರಳಿತು. “ಹಂಗ ಹೇಳಬಾರದಾ! ನನ್ನ ಎರಡೂ ಹೆರಿಗಿ ಆಕೀನೇ ಮಾಡಿಸಿದ್ದು!” ಆ ಸಂತೋಷದಲ್ಲೇ, ಕೂದಲೆಳೆಯಷ್ಟೂ ಕೆಟ್ಟ ಮನಸ್ಸಿಲ್ಲದೆ, ಅವರ ಕೈ ಮನೆಯ ಹಿಂಭಾಗವನ್ನು ತೋರಿಸಿತ್ತು.

ಅದೇ ಹೆಚ್ಚು ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು... ಪ್ರೀತಿಯಿಂದ ಹಿತ್ತಲಿಗೆ ಕಳಿಸಿದರೆ ಏನು ಮಾಡಬೇಕು?

“ಏನಾತವ್ವ?” ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಒಬ್ಬ ಯುವಕ ಬಂದ. ಎತ್ತರದ ಆಳು, ಹಣೆಯ ಮೇಲೆ ವಿಭೂತಿ, ಅಂಗಿಯ ತೋಳಿಗೆ ಎಂಥದೋ ಔಷಧದ ಕಲೆ.

ಪಂಚಶೀಲಾ ನೇರವಾಗಿ ಅವನ ಕಣ್ಣನ್ನೇ ನೋಡಿದಳು.

“ನಿಮ್ಮವ್ವಾರ ನನಗ ಹಿತ್ತಲ ಬಾಗಲ ತೋರಸಾಕತ್ತಾರ್ರಿ. ಈ ಬಿ.ಪಿ. ಮಶೀನಕ್ಕ ಆ ದಾರಿ ಗೊತ್ತಿಲ್ಲ! ಪೇಷಂಟ್‌ನ ಹೊರಗ ಕಟ್ಟಿ ಮ್ಯಾಲ ಕರಕೊಂಡ ಬರ್ರಿ. ಇಲ್ಲೇ ನೋಡ್ತೇನಿ. ಓಣಿ ಮಂದಿನೂ ನೋಡ್ಲಿ.”

ಅವನು ಒಂದು ಕ್ಷಣ ಬೆಪ್ಪಾಗಿ ನಿಂತ. ಮರುಕ್ಷಣ... ನಕ್ಕುಬಿಟ್ಟ!

‘ನಗ್ತಾನ! ನನ್ನ ನೋಡಿ ನಗ್ತಾನ!’ ಅವಳ ಎದೆಯಲ್ಲಿ ಬೆಂಕಿ ಹತ್ತಿತು. ಆದರೆ ಅವನ ಕೈ ಆಗಲೇ ಬಾಗಿಲಿನ ಎರಡೂ ಕದಗಳನ್ನು ಗೋಡೆಯವರೆಗೆ ತಳ್ಳಿತ್ತು.

“ಮಶೀನ್ ಖರೇನೇ ಹೇಳ್ತದ್ರಿ. ಬರ್ರಿ ಸಿಸ್ಟರ್. ನಮ್ಮ ಶೈಲಾನ ಕಾಲ ಬಾತಾವ, ಕಟ್ಟಿತನ ಬರಾಕ ಆಗೂದಿಲ್ಲ.”

“ಅಮರಾ!” ತಾಯಿ ಗದರಿದರು.

“ಸಿಸ್ಟರ್ ಬಂದಾರವ್ವ. ಮೊದಲ ನೋಡಲಿ.”

ಪಂಚಶೀಲಾ ಒಳಗೆ ಹೋದಳು. ಅವನು ಕರೆದ ಎಂದಲ್ಲ. ಒಳಗೆ ತುಂಬು ಗರ್ಭಿಣಿ ಇದ್ದಳು ಎಂದು.

*

ಈ ಹುಡುಗಿಯ ಕೊಬ್ಬು ಎಲ್ಲಿಂದ ಬಂತು ಎಂದು ಕೇಳುವವರಿಗೆ ಎರಡು ಮಾತು ಹೇಳಲೇಬೇಕು.

ಪಂಚಶೀಲಾಳ ಅಪ್ಪ ಗುರಣ್ಣ ಪುಣೆಯಲ್ಲಿ ಗೌಂಡಿ. ಊರವರ ಮಹಡಿ ಕಟ್ಟುತ್ತ ತಾನು ತಗಡಿನ ಶೆಡ್ಡಿನಲ್ಲಿ ಬಾಳಿದವನು. ಮಗಳು ಹುಟ್ಟಿದ್ದೂ ಅಂಥದೇ ಶೆಡ್ಡಿನಲ್ಲಿ. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಅಲ್ಲಿನ ಹುಡುಗಿಯರಿಗೆ ಅವಳು ‘ಕಾನಡಿ’. ರಜೆಗೆ ಹಿರೋಳ್ಳಿಗೆ ಬಂದರೆ ಇಲ್ಲಿಯವರಿಗೆ ‘ಮರಾಠಿ’. ಎರಡೂ ಕಡೆ ಹೊರಗಿನವಳು!

ಒಳಗಿನವಳಾಗುತ್ತಿದ್ದುದು ಅಜ್ಜಿ ಅಂಬುಬಾಯಿಯ ಮಗ್ಗುಲಲ್ಲಿ ಮಾತ್ರ. ಆಯಿ ಎಂದೇ ಅವಳು ಅಜ್ಜಿಯನ್ನು ಕರೆಯುತ್ತಿದ್ದುದು. ಆಯಿಯ ಕಥೆಗಳಲ್ಲಿ ರಾಜರಿರಲಿಲ್ಲ, ರಾಕ್ಷಸರಿರಲಿಲ್ಲ. ಯಾವ ಮನೆಯಲ್ಲಿ ಕೂಸು ಅಡ್ಡ ತಿರುಗಿತ್ತು, ಯಾವ ಹಳ್ಳ ಈಜಿ ಹೋದಳು, ಅಳದ ಕೂಸನ್ನು ಹೇಗೆ ಅಳಿಸಿದಳು... ಹುಡುಗಿ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು.

“ಆಮ್ಯಾಲ ಅವರು ನಿನಗ ಏನಂದ್ರು ಆಯಿ?”

“ಏನಂತಾರ? ‘ಏ ಸೂಲಗಿತ್ತಿ, ನಡಿ ಇನ್ನ’ ಅಂದ್ರು.”

ಎಲ್ಲ ಕಥೆಗಳೂ ಅಲ್ಲಿಗೇ ಮುಗಿಯುತ್ತಿದ್ದವು. ಆಯಿಯ ಕಥೆಯಲ್ಲಿ ಆಯಿಗೇ ಹೆಸರಿಲ್ಲ!

ಆಗಲೇ ಹುಡುಗಿ ನಿಶ್ಚಯಿಸಿದ್ದಳು. ಇವೇ ಊರುಗಳಿಗೆ ನರ್ಸಾಗಿ ಬರುತ್ತೇನೆ. ಎದೆಯ ಮೇಲೆ ಹೆಸರಿನ ಪಟ್ಟಿ ಹಾಕಿಕೊಂಡು ಬರುತ್ತೇನೆ. ‘ಸಿಸ್ಟರ್ ಪಂಚಶೀಲಾ ಗುರಣ್ಣ’... ಓದಿ ಕರೆಯಲಿ, ಬಾಯಿ ತುಂಬ ಕರೆಯಲಿ!

ಅದಕ್ಕೇ ಪುಣೆ ಬಿಟ್ಟು ಆಳಂದದ ನರ್ಸಿಂಗ್ ಶಾಲೆಗೆ ಬಂದಳು. ಈಗ ಕೊನೆಯ ವರ್ಷ, ಹಳ್ಳಿಯ ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡುವ ಪೋಸ್ಟಿಂಗ್. ಅದು ಮುಗಿಯದೆ ಪರೀಕ್ಷೆಗೆ ಕೂರುವಂತಿಲ್ಲ. ಪರೀಕ್ಷೆ ಇಲ್ಲದೆ ಆ ಹೆಸರಿನ ಪಟ್ಟಿ ಇಲ್ಲ.

*

ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಶೈಲಶ್ರೀಯ ಬಿ.ಪಿ. ಏರಿತ್ತು. ಪಂಚಶೀಲಾ ಎರಡು ಸಲ ನೋಡಿದಳು, ಆಮೇಲೆ ಹೇಳಿದಳು. “ಇವತ್ತೇ ದವಾಖಾನಿಗೆ ಹೋಗಬೇಕ್ರಿ.”

“ಬ್ಯಾನಿ ಬರಲಿ ತಡಿಯವ್ವ. ಚೊಚ್ಚಲ ಬಸರಿಗೆ ಕಾಲ ಬಾಯೂದು ಇದ್ದದ್ದೇ,” ಎಂದರು ಸುಭದ್ರಾಬಾಯಿ.

ಅಮರನಾಥ ಆಗಲೇ ಕಾರಿನ ಚಾವಿ ಹುಡುಕುತ್ತಿದ್ದ. “ನಾ ಅಫಜಲಪುರದಾಗ ದನದ ದವಾಖಾನಿಯಾಗ ಅದೀನ್ರಿ. ಎಮ್ಮಿ ಆಗಿದ್ರ ನಾನೇ ನೋಡ್ತಿದ್ದೆ...”

“ಲೇ ಅಣ್ಣ! ನನಗ ಎಮ್ಮಿ ಅಂದ್ಯಾ?” ಕಾಲಿನ ನೋವಿನ ನಡುವೆಯೂ ಶೈಲಶ್ರೀ ಸಿಡುಕಿದಳು. ಪಂಚಶೀಲಾಳಿಗೆ ನಗು ತಡೆಯಲಾಗಲಿಲ್ಲ. ಆ ನಗುವನ್ನು ಅವನು ನೋಡಿದ. ನೋಡಿ, ಹುಡುಕುತ್ತಿದ್ದ ಚಾವಿ ಕೈಯಲ್ಲೇ ಇರುವುದು ಮರೆತ.

ಆಳಂದದ ದವಾಖಾನೆಯಲ್ಲಿ ಶೈಲಶ್ರೀ ಪಂಚಶೀಲಾಳ ಕೈಬಿಡಲೇ ಇಲ್ಲ. ಹೆರಿಗೆ ಕೋಣೆಯ ದೊಡ್ಡ ಸಿಸ್ಟರ್, “ನೀನೂ ನಿಲ್ಲು, ಕಲೀತಿ” ಎಂದರು. ಹೆಣ್ಣುಕೂಸು! ಒರೆಸಿ, ಬಟ್ಟೆಯಲ್ಲಿ ಸುತ್ತಿ, ಹೊರಗೆ ತಂದು ಕೊಟ್ಟವಳು ಪಂಚಶೀಲಾ.

ಸಾವಿರ ಕರು ಹಿಡಿದಿದ್ದ ಅಮರನಾಥ ಕೂಸನ್ನು ಬೆರಳ ತುದಿಯಲ್ಲೇ ಹಿಡಿದುಕೊಂಡ.

“ಗಟ್ಟಿ ಹಿಡೀರಿ, ಒದಿಯೂದಿಲ್ಲ,” ಎಂದಳು.

“ಸಿಸ್ಟರ್... ನಿಮ್ಮ ಹೆಸರ?”

ಹೆಸರು! ಅವನು ಕೇಳಿದ್ದು ಹೆಸರು... ಯಾರ ಮನೆಯವಳು ಎಂದಲ್ಲ. ‘ಪಂಚಶೀಲಾ’ ಎಂದು ಹೇಳುವಾಗ ಅವಳ ಸ್ವರ ತನ್ನದೇ ಎನಿಸಲಿಲ್ಲ.

ಅಕ್ಕರೆ ಬೆಳೆಯಲು ನೆಪ ಬೇಕಲ್ಲ? ಬಿ.ಪಿ. ಇಳಿಯುವವರೆಗೆ ಶೈಲಶ್ರೀಯನ್ನು ದವಾಖಾನೆಯಲ್ಲೇ ಇಟ್ಟುಕೊಂಡರು. ಅಮರನಾಥ ಕೆಲಸ ಮುಗಿಸಿ ಅಫಜಲಪುರದಿಂದ ಓಡಿ ಬರುತ್ತಿದ್ದ. ತಂಗಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಜೊತೆಗೆ ಇನ್ನೊಂದು ಗಂಟು, “ಹಾಸ್ಟೆಲಿನೋರಿಗೆ” ಎಂದು.

“ಹಾಸ್ಟೆಲಿನ್ಯಾಗ ಮಸ್ತ್ ಮಂದಿ ಅದೀವಿ,” ಎಂದು ಕಣ್ಣು ಮಿಟುಕಿಸಿದಳು ಪಂಚಶೀಲಾಳ ಕೋಣೆಯ ಗೆಳತಿ, ಜೇವರ್ಗಿಯ ತಬಸ್ಸುಮ. “ಆದ್ರ ರೊಟ್ಟಿ ಮಾತ್ರ ನಿನ್ನ ಮಾರಿ ನೋಡೇ ಬರ್ತಾವ ನೋಡ!”

“ಸುಮ್ಕಿರ ಬೇ!”

ಒಂದು ಸಂಜೆ ದವಾಖಾನೆಯ ಎದುರಿನ ಚಹಾದಂಗಡಿಯಲ್ಲಿ ಅವಳು ತನ್ನ ಕಥೆಯನ್ನೆಲ್ಲ ಹೇಳಿದಳು. ಅಲ್ಲಿ ಕಾನಡಿ, ಇಲ್ಲಿ ಮರಾಠಿ... ಅವನು ಗಂಭೀರವಾಗಿ ತಲೆಯಾಡಿಸಿದ.

“ನಮ್ಮ ದವಾಖಾನಿಗೂ ಗಡಿ ದಾಟಿ ದನಾ ಬರ್ತಾವ್ರಿ. ‘ನೀ ಯಾವ ಭಾಷಾದಾಕಿ’ ಅಂತ ಅವಕ್ಕ ನಾ ಯಾವತ್ತೂ ಕೇಳಿಲ್ಲ.”

“ಮತ್ತ ದನಕ್ಕ ಹೋಲಸಾಕತ್ತೀರಿ!”

“ನನಗ ಗೊತ್ತಿರೂ ಮರ್ಯಾದಸ್ಥರು ಅವೇ ಅದಾವ್ರಿ, ಏನ್ಮಾಡ್ಲಿ!”

ಅವಳು ನಕ್ಕಳು. ಹಾಸ್ಟೆಲಿಗೆ ಬಂದ ಮೇಲೂ ತುಟಿಯ ಅಂಚಿನಲ್ಲಿ ಆ ನಗು ಉಳಿದಿತ್ತು. ‘ಇವನು ಬ್ಯಾರೆ... ಇವನು ಆ ಮನಿಯಾಗ ಹುಟ್ಟಿದ್ರೂ ಬ್ಯಾರೆ...’ ಎಂದು ಮನಸ್ಸು ಗುನುಗಿತು.

ಮನೆಗೆ ಹೊರಡುವ ದಿನ ಶೈಲಶ್ರೀ ಅವಳ ಕೆನ್ನೆ ಹಿಡಿದು ಹೇಳಿದಳು. “ತೊಟ್ಟಲ ಕಾರ್ಯಕ್ಕ ನೀವು ಬರಲೇಬೇಕ್ರಿ. ಹೇಳಿ ಕಳಸ್ತೇವಿ.”

ಪಂಚಶೀಲಾ ತನ್ನ ಏಕೈಕ ರೇಷ್ಮೆ ಅಂಚಿನ ಸೀರೆಗೆ ಇಸ್ತ್ರಿ ಮಾಡಿಸಿ ಇಟ್ಟಳು.

ಕಾಯ್ದಳು.

ಯಾರೂ ಬರಲಿಲ್ಲ...

*

ಅಮರನಾಥ ಬಂದ. ತೊಟ್ಟಿಲು ಮುಗಿದ ಮರುದಿನ.

ಶಾಲೆ ಬಿಡುವ ಹೊತ್ತು. ಗೇಟಿನ ತುಂಬ ಹುಡುಗಿಯರು. ಅವನು ಕಾರಿನಿಂದ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದದ್ದು ಒಂದು ಹೊಸ ಬಿದಿರಿನ ಮೊರ. ಮೊರದ ತುಂಬ ಬಿಳಿಜೋಳ, ಬೆಲ್ಲದಚ್ಚು, ಒಣಕೊಬ್ಬರಿ. ಮೇಲೆ ಮಡಿಸಿಟ್ಟ ಒಂದು ಸೀರೆ. ಉಟ್ಟು ಒಗೆದ ಸೀರೆ.

“ತಗೋರಿ ಸಿಸ್ಟರ್!” ಅವನ ಮುಖದಲ್ಲಿ ಹಬ್ಬ. “ಅವ್ವ ಕೊಟ್ಟಾಳ. ಹೆರಿಗಿ ಮಾಡಿಸಿದಾಕಿಗೆ ಮೊರ ಕೊಡೂದು ನಮ್ಮ ಮನಿ ರಿವಾಜ ಅಂತ. ಆಳಿನ ಕೈಲೆ ಕಳಸ್ತೇನಿ ಅಂದ್ಳು. ಬ್ಯಾಡ, ನಾನೇ ಒಯ್ದು ಮರ್ಯಾದಿಲೆ ಕೊಡ್ತೇನಿ ಅಂದೆ.”

ಪಂಚಶೀಲಾ ಕೈ ಚಾಚಲಿಲ್ಲ.

“ತೊಟ್ಟಲಾ ಯಾವಾಗ್ರಿ?”

“ನಿನ್ನೆ ಆತಲ್ರಿ. ನಿಮಗ ಹೇಳಿ ಕಳಸೇನಿ ಅಂದಿದ್ಳು ಅವ್ವ... ಯಾಕ ಬರ್ಲಿಲ್ಲ?”

“ನನಗ ಹೇಳಿ ಕಳಸಲಿಲ್ಲ. ಇದನ್ನ ಕಳಿಸ್ಯಾರ!”

ಅವನ ನಗು ಅರ್ಧಕ್ಕೆ ನಿಂತಿತು. ಅವಳ ಮಾತು ನಿಲ್ಲಲಿಲ್ಲ.

“ಇಂಥಾ ಮೊರದ ಕಾಳು ನಮ್ಮ ಆಯಿ ಹಿತ್ತಲದಾಗ ನಿಂತು ಸೆರಗೊಡ್ಡಿ ತಗೋತಿದ್ಳು, ಗೊತ್ತದೇನು? ಕೈಗಿ ಕೈ ತಾಗಬಾರದಂತ ಮ್ಯಾಲಿಂದ ಸುರೀತಿದ್ರು. ಕೂಸು ಹಿಡಿಯಾಕ ಆ ಕೈ ಬೇಕು! ಕಾಳು ಕೊಡಾಕ ಅದೇ ಕೈ ಮೈಲಿಗಿ! ನಮ್ಮಪ್ಪ ಸಣ್ಣವಿದ್ದಾಗ ಅದನ್ನ ನೋಡಿದ. ಈ ಮೊರ ನನ್ನ ಮನಿಗೆ ಬರಬಾರದಂತ ಊರೇ ಬಿಟ್ಟು ಪುಣೆಗೆ ಹೋದ. ನೀವು ಅದನ್ನ ಹುಡಿಕ್ಯಾಡಿ ಅವನ ಮಗಳ ಕೈಗಿ ತಂದು ಕೊಡಾಕತ್ತೀರಿ... ಮರ್ಯಾದಿಲೆ!”

“ನನಗ... ನನಗ ಇದು ಗೊತ್ತಿರಲಿಲ್ರಿ.”

“ಗೊತ್ತಿರಲಾರದ್ದೇ ನಿಮ್ಮ ಸುಖ. ಗ್ವಾಡಿ ಮ್ಯಾಲ ಬಸವಣ್ಣನ ಫೋಟೋ ಇಟ್ಟೀರಿ. ಹಿತ್ತಲ ಬಾಗಲ ಯಾರಿಗಂತ ಇಟ್ಟೀರಿ?”

ಸುತ್ತ ನಿಂತ ಹುಡುಗಿಯರು ಇನ್ನಷ್ಟು ಹತ್ತಿರ ಸರಿದರು.

“ಮಂದಿ ಮುಂದ ನಮ್ಮವ್ವನ ಮರ್ಯಾದಿ ಕಳೀಬ್ಯಾಡ್ರಿ,” ಎಂದ. “ಆಕಿ ಪ್ರೀತಿಲೆ ಕೊಟ್ಟಾಳ.”

“ಪ್ರೀತಿ ಇದ್ರ ತೊಟ್ಟಲ ತೂಗಾಕ ಕರೀತಿದ್ರು. ವಾಪಸ್ ಒಯ್ರಿ ಇದನ್ನ. ನಾ ನರ್ಸ್ ಆಗಾಕ ಬಂದೇನಿ. ನಿಮ್ಮನಿ ಸೂಲಗಿತ್ತಿ ಆಗಾಕಲ್ಲ!”

ಅವನು ಮೊರ ಎತ್ತಿಕೊಂಡು ಹೋದ. ಒಂದೇ ಒಂದು ಸಲವೂ ತಿರುಗಿ ನೋಡಲಿಲ್ಲ.

ಕೋಣೆಗೆ ಬಂದು ಬಾಗಿಲು ಹಾಕಿದ ಮೇಲೆ ಪಂಚಶೀಲಾ ಅತ್ತಳು. ತಬಸ್ಸುಮ ತಲೆ ಸವರುತ್ತ ಕೂತಳು.

“ಸಿಟ್ಟು ಬಂದದ ಅಂತ ಅಳಾಕತ್ತೀಯೋ, ಅಂವ ಹೋದ ಅಂತ ಅಳಾಕತ್ತೀಯೋ?”

“ಎರಡೂ ಬೇ... ಎರಡೂ!”

*

ಮುಂದಿನ ವಾರ ಪ್ರಿನ್ಸಿಪಾಲ್ ಮೇಡಂ ಕರೆಸಿದರು. ಮೇಡಂ ಕೆಟ್ಟವರಲ್ಲ. ಆದರೆ ಹೆದರಿದ್ದರು.

“ಹಣಮಂತರಾಯರು ಫೋನ್ ಮಾಡಿದ್ರು. ಮೊರ ತಿರಗಿಸೂದಂದ್ರ ಮನಿಗೆ ಅಪಮಾನ ಅಂತ. ಆ ಹುಡುಗಿ ಬಂದು ಕಟ್ಟಿ ಮುಂದ ಕ್ಷಮಾ ಕೇಳೂತನ ನಿಮ್ಮ ಶಾಲಿಯೋರು ಯಾರೂ ನಮ್ಮೂರಿಗೆ ಕಾಲಿಡಬ್ಯಾಡ್ರಿ ಅಂದಾರ.”

“ನಾ ತಪ್ಪು ಮಾಡಿಲ್ರಿ ಮೇಡಂ.”

“ನನಗ ಗೊತ್ತದ. ಆದ್ರ ಊರಾಗ ಬಿಡಲಿಲ್ಲಂದ್ರ ನಿನ್ನ ಪೋಸ್ಟಿಂಗ್ ನಿಂತ ಹೋಗ್ತದ. ವರ್ಷ ಹೋಗ್ತದ, ಪಂಚಶೀಲಾ! ಎರಡು ಮಾತು... ‘ತಪ್ಪಾತ್ರಿ’ ಅಂದ್ರ ಮುಗೀತು. ಗುರುವಾರ ನಾನೂ ಬರ್ತೇನಿ.”

‘ಮನಿಗೆ ಹೋಗಿ ಚಾಡಿ ಹೇಳ್ಯಾನ! ಅಪ್ಪನ ಕೈಲೆ ಫೋನ್ ಮಾಡಿಸ್ಯಾನ!’ ಅಮರನಾಥನ ಮೇಲಿನ ಸಿಟ್ಟಿಗೆ ಅವಳ ಕಣ್ಣು ಉರಿಯಿತು. ಯಾಕೋ ಅದರ ಹಿಂದೆಯೇ, ಅವನು ಚಹಾ ಊದಿಕೊಂಡು ಕುಡಿಯುವ ರೀತಿ ನೆನಪಾಯಿತು. ತನ್ನ ಮೇಲೆಯೇ ಸಿಟ್ಟು ಬಂತು.

ಹಿರೋಳ್ಳಿಯ ಬಸ್ಸು ಹತ್ತಿದಳು. ತೊಗರಿಯ ಹೊಲಗಳು ಹಿಂದೆ ಓಡಿದವು. ಆಯಿಯ ಮನೆ ತಲುಪಿದಾಗ, ಅಂಗಳದಲ್ಲಿ ಕಾಕಾ ಜಗದೇವ ಸೈಕಲ್ ತೊಳೆಯುತ್ತಿದ್ದ.

“ಬಂದ್ಯಾ ಪುಣೆಕರ್! ನಿನ್ನ ದನದ ಡಾಕ್ಟರ್ ಬಂದು ಹ್ವಾದ ನೋಡ.”

“ಯಾರು?!”

“ಕಿಣ್ಣಿ ಸುಲ್ತಾನದ ರಾಯರ ಮಗ. ಮೊನ್ನೆ ಬಂದಿದ್ದ. ‘ಒಳಗ ಬಾ’ ಅನ್ನೂದ್ರಾಗ ನೆಲದ ಮ್ಯಾಲ ಕುಂತೇ ಬಿಟ್ಟ. ನೀರು ಕೇಳಿ ಕುಡದ, ರೊಟ್ಟಿ ತಿಂದ. ಖಾರಕ್ಕ ಕಣ್ಣೀರ ಬಂದ್ವೋ, ನಿಮ್ಮ ಆಯಿ ಕಥಿಗೆ ಬಂದ್ವೋ... ನನಗಂತೂ ತಿಳೀಲಿಲ್ಲ!”

ಪಂಚಶೀಲಾ ಒಳಗೆ ಓಡಿದಳು. ಅಂಬುಬಾಯಿ ಕಾಲು ಚಾಚಿ ಕೂತು ಅವರೆ ಸುಲಿಯುತ್ತಿದ್ದಳು.

“ಏನ ಕೇಳಿದ ಆಯಿ ಅಂವ?”

“ಎಲ್ಲಾ ಕೇಳಿದ. ‘ನಮ್ಮವ್ವನ ಹೆರಿಗಿಗೆ ನಿಮ್ಮನ್ನ ಎಲ್ಲಿ ನಿಂದ್ರಸಿದ್ರು, ಏನ್ರಾಗ ನೀರು ಕೊಟ್ರು’ ಅಂತ. ಹೇಳಿದೆ. ನೀ ಹುಟ್ಟಿದಾಗ ಹೊಕ್ಕಳ ನಾಳ ಕೊರಳಿಗೆ ಸುತಗೊಂಡಿತ್ತು ತಮ್ಮಾ, ನಾ ಬಿಡಸೇನಿ ಅಂತಾನೂ ಹೇಳಿದೆ. ಕೊರಳ ಮುಟ್ಟಿ ನೋಡಕೊಂಡ. ಎದ್ದು ಕಾಲ ಮುಟ್ಟಾಕ ಬಂದ. ಬ್ಯಾಡ ಅಂದೆ. ಕಾಲಾಗ ಏನದ?”

“ಅವರಪ್ಪ ಕ್ಷಮಾ ಕೇಳು ಅನ್ನಾಕತ್ತಾನ ಆಯಿ... ಇಲ್ಲಂದ್ರ ನಾ ನರ್ಸ್ ಆಗೂದಿಲ್ಲ.”

ಆಯಿ ಅವರೆಯ ತಟ್ಟೆ ಪಕ್ಕಕ್ಕಿಟ್ಟಳು.

“ಮೊರದ ಮ್ಯಾಲ ಸಿಟ್ಟಾಗಬ್ಯಾಡ ನೀ. ಹುಟ್ಟಿದ ಕೂಸಿನ್ನ ಮೊದಲ ಮೊರದಾಗೇ ಮಲಗಸ್ತೇವಿ. ನಿಮ್ಮಪ್ಪನೂ ಅದರಾಗ ಮಲಗಿದಾಂವನೇ. ಮ್ಯಾಲಿಂದ ಸುರುವೂ ಕೈ ಕೆಟ್ಟದ್ದು.”

“ಹಂಗಾರ ಹೋಗಿ ‘ತಪ್ಪಾತ್ರಿ’ ಅನ್ಲಾ?”

“ಯಾಕ?” ಮುದುಕಿಯ ಕಣ್ಣು ಮಿಂಚಿದವು. “ನಾ ಬಗ್ಗಿದ್ದು ಸಾಲದೇನು ನಮ್ಮ ವಂಶಕ್ಕ?”

*

ಗುರುವಾರ. ಹಣಮಂತರಾಯರ ಮನೆಯ ಕಟ್ಟೆ. ಊರ ಹಿರಿಯರು ನಾಲ್ಕಾರು ಜನ, ಓಣಿಯ ಹೆಂಗಸರು, ಕಂಬಕ್ಕೊರಗಿದ ಸುಭದ್ರಾಬಾಯಿ. ರಾಯರು ಬಿಳಿ ಧೋತರ, ಬಿಳಿ ಟೋಪಿಯಲ್ಲಿ ನಡುವೆ ಕೂತಿದ್ದರು. ಅಮರನಾಥ ಎಲ್ಲೂ ಕಾಣಲಿಲ್ಲ.

‘ಬರಲಿಲ್ಲ... ಇರಲಿ. ನನ್ನ ಬಾಯಿ ನನಗದ.’

ಪ್ರಿನ್ಸಿಪಾಲ್ ಮೇಡಂ ಮೆಲ್ಲಗೆ ಅವಳ ಬೆನ್ನು ಮುಟ್ಟಿದರು. “ಎರಡೇ ಮಾತು...”

ಪಂಚಶೀಲಾ ಮುಂದೆ ಬಂದಳು. ಇಸ್ತ್ರಿ ಮಾಡಿದ ಸಮವಸ್ತ್ರ, ಭುಜಕ್ಕೆ ಬ್ಯಾಗು.

“ಶರಣ್ರಿ. ನಾ ಕ್ಷಮಾ ಕೇಳಾಕ ಬಂದಿಲ್ರಿ. ಕೂಸಿನ ತೂಕ ನೋಡಾಕ ಬಂದೇನಿ.”

“ಏನಂದಿ?” ರಾಯರು ಹುಬ್ಬು ಗಂಟಿಕ್ಕಿದರು.

“ಈ ವಾರ ನಿಮ್ಮ ಮೊಮ್ಮಗಳ ತೂಕ ನೋಡಬೇಕ್ರಿ, ಶೈಲಕ್ಕನ ಬಿ.ಪಿ. ನೋಡಬೇಕು. ಅದು ನನ್ನ ಕೆಲಸ. ನಿಮ್ಮ ಮನಿ ಕಾಳು ತಿರಗಿಸಿದೆ, ಖರೇ. ನಿಮ್ಮ ಮನಿ ಪೇಷಂಟ್‌ನ ತಿರಗಿಸಿಲ್ಲ. ನನ್ನ ಪರೀಕ್ಷಾ ನಿಲ್ಲಸತೀನಂದ್ರ ನಿಲ್ಲಸ್ರಿ. ಮುಂದಿನ ವರ್ಷ ಮತ್ತ ಬರ್ತೇನಿ. ಅದರ ಮುಂದಿನ ವರ್ಷಾನೂ ಬರ್ತೇನಿ. ನರ್ಸ್ ಆಗೇ ಆಗ್ತೇನಿ. ‘ತಪ್ಪಾತ್ರಿ’ ಅಂತ ಮಾತ್ರ ಅನ್ನೂದಿಲ್ಲ!”

“ಸೊಕ್ಕು ನೋಡ್ರಿ ಹುಡುಗೀದು!” ಗುಂಪಿನಿಂದ ಯಾರೋ ಗೊಣಗಿದರು.

“ತಪ್ಪು ನಂದು ಅದ.”

ಒಳಗಿನಿಂದ ಬಂದ ಸ್ವರ! ಅಮರನಾಥ ಪಡಸಾಲೆ ದಾಟಿ ಬಂದು, ಕಟ್ಟೆಯಿಂದ ಇಳಿದು, ಅವಳ ಪಕ್ಕ ಮಣ್ಣಿನ ಮೇಲೆ ನಿಂತ.

“ಮೊರ ಒಯ್ದಾಂವ ನಾನಪ್ಪ. ಅದು ಏನು ಅಂತ ಕೇಳದ ಒಯ್ದೆ. ಕ್ಷಮಾ ಕೇಳೂದಿದ್ರ ನಾ ಕೇಳಬೇಕು.” ಅವನು ಅವಳತ್ತ ತಿರುಗಿದ. ಇಡೀ ಓಣಿ ನೋಡುತ್ತಿರುವಂತೆ ಕೈ ಮುಗಿದ. “ತಪ್ಪಾತ್ರಿ ಸಿಸ್ಟರ್ ಪಂಚಶೀಲಾ.”

“ಅಮರಾ! ಮನತನದ ಮಾನ...” ರಾಯರು ಎದ್ದೇ ಬಿಟ್ಟರು.

“ಹಿರೋಳ್ಳಿಗೆ ಹೋಗಿದ್ದೆನಪ್ಪ. ನನ್ನ ಕೊರಳಿಗೆ ಸುತಗೊಂಡ ನಾಳ ಬಿಡಿಸಿದ ಕೈ ನೋಡಿ ಬಂದೇನಿ. ಆ ಕೈಗಿ ನಾವು ಮ್ಯಾಲಿಂದ ಜೋಳ ಸುರದೀವಿ. ಮಾನ ಅವತ್ತೇ ಹೋಗ್ಯಾದ.”

ಪಂಚಶೀಲಾ ನೆಲ ನೋಡಿದಳು. ಕಣ್ಣೀರು ಕಂಡರೆ ಸೋತಂತೆ!

ಅಷ್ಟರಲ್ಲಿ ಹೆಂಗಸರೆಲ್ಲ, “ಅಯ್ಯ! ಅಯ್ಯ!” ಎಂದು ಕೂಗಿದರು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡ ಬಾಣಂತಿ ಶೈಲಶ್ರೀ, ಕೂಸನ್ನೆತ್ತಿಕೊಂಡು ಹೊಸ್ತಿಲ ಮೇಲೆ ನಿಂತಿದ್ದಳು. ಕತ್ತಲೆ ಕೋಣೆಯಿಂದ ತಿಂಗಳುಗಟ್ಟಲೆ ಹೊರಗೆ ಬರಬಾರದ ಹಸಿ ಬಾಣಂತಿ!

“ಒಳಗ ಹೋಗ ಬೇ, ಗಾಳಿ ಬಡೀತದ!” ಸುಭದ್ರಾಬಾಯಿ ಓಡಿದರು.

“ಹೋಗೂದಿಲ್ಲವ್ವ. ನನ್ನ ಸಿಸ್ಟರ್ ಒಳಗ ಬರೂತನ ಹೋಗೂದಿಲ್ಲ. ಹೆರಿಗಿ ಕೋಣ್ಯಾಗ ಈಕಿ ಕೈ ಹಿಡಕೊಂಡೇನಿ. ನೀವ್ಯಾರೂ ಅಲ್ಲಿ ಇರ್ಲಿಲ್ಲ.” ಅವಳು ಕೂಸನ್ನು ಚಾಚಿ ಹಿಡಿದಳು. “ತಗೋರಿ ಸಿಸ್ಟರ್.”

ಪಂಚಶೀಲಾ ಮೆಟ್ಟಿಲೇರಿ ಕೂಸನ್ನು ಎತ್ತಿಕೊಂಡಳು. ಬೆಚ್ಚಗಿನ ಮುದ್ದೆ ಒಮ್ಮೆ ಆಕಳಿಸಿ ಅವಳ ಎದೆಗೆ ಒರಗಿತು.

ಎಲ್ಲರ ಕಣ್ಣು ರಾಯರ ಮೇಲೆ. ಅವರು ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. ಸೋತೆ ಎಂದು ಹೇಳಿ ಗೊತ್ತಿಲ್ಲದ ಬಾಯಿ ಅದು. ಕೊನೆಗೆ ಹೆಂಡತಿಯ ಮೇಲೆ ರೇಗಿದರು.

“ಏನ ನೋಡಕೋತ ನಿಂತೀ? ಕೂಸಿಗೆ ಗಾಳಿ ಬಡಿಯಾಕತ್ತದ. ಎಲ್ಲಾರೂ ಒಳಗ ನಡೀರಿ!”

ಎಲ್ಲಾರೂ!

ಆ ಒಂದು ಮಾತಿಗೆ ಮೇಡಂ ಕಣ್ಣೊರೆಸಿಕೊಂಡರು. ತೂಕ ನೋಡಿದ್ದಾಯಿತು, ಕೂಸು ಚೆನ್ನಾಗಿ ತುಂಬಿಕೊಂಡಿತ್ತು. ಸುಭದ್ರಾಬಾಯಿ ಮಜ್ಜಿಗೆಯ ಲೋಟವನ್ನು ನೆಲದ ಮೇಲಿಡಲು ಬಗ್ಗಿದವರು, ಬಗ್ಗಿದಲ್ಲೇ ತಡೆದು, ಎದ್ದು ಅವಳ ಕೈಗೇ ಕೊಟ್ಟರು. ಬೆರಳಿಗೆ ಬೆರಳು ತಾಗಿತು.

ಹೊರಡುವಾಗ ಮೇಡಂ ಮುಂದೆ ನಡೆದರು, ಅಮರನಾಥ ಬಸ್ ನಿಲ್ದಾಣದವರೆಗೆ ಪಂಚಶೀಲಾಳ ಜೊತೆಗೆ ಬಂದ.

“ಫೋನ್ ಮಾಡಿಸಿದಾಂವ ನಾನಲ್ರಿ. ಮೊರ ವಾಪಸ್ ಬಂದದ್ದು ಅಪ್ಪನೇ ನೋಡಿದ.”

“ನಾ ಹಂಗೇ ತಿಳಕೊಂಡಿದ್ದೆ... ಬಾಳ ಬೈದೇನಿ ನಿಮಗ, ಮನಸಿನ್ಯಾಗ.”

“ಎಷ್ಟ ಬೈದಿರಿ?”

“ಮರಾಠಿ, ಕನ್ನಡ, ಎರಡರಾಗೂ.”

ಅವನು ನಕ್ಕ. ಆಮೇಲೆ ನಗು ಬಿಟ್ಟ. “ಪಂಚಶೀಲಾ... ನನಗ ನಿಮ್ಮ ಜೋಡಿ ಬಾಳಬೇಕಂತ ಅದ. ಇವತ್ತೇ ಹೇಳಬಾರದಿತ್ತೇನೋ...”

ಹೂಂ ಎನ್ನಲು ಅವಳ ನಾಲಿಗೆ ಹಾತೊರೆಯಿತು. ಆದರೂ ತಲೆ ಎತ್ತಿದಳು.

“ಇವತ್ತು ಹೂಂ ಅಂದ್ರ ಊರು ಏನಂತದ ಗೊತ್ತದೇನ್ರಿ? ‘ರಾಯರ ಮಗನ ಕೈ ಹಿಡದು ಒಳಗ ಬಂದ್ಳು’ ಅಂತದ. ನಾ ನನ್ನ ಕೆಲಸದ ಕೈ ಹಿಡದು ಬಂದೇನಿ. ಮೊದಲ ನರ್ಸ್ ಆಗ್ತೇನಿ. ಅಲ್ಲಿತನ ಕೇಳಬ್ಯಾಡ್ರಿ.”

ಬಸ್ಸು ಬಂತು. ಅವನು ಕೇಳಲಿಲ್ಲ. ಕಾಯುತ್ತೇನೆ ಎಂದೂ ಹೇಳಲಿಲ್ಲ. ಸುಮ್ಮನೆ ಕೈ ಎತ್ತಿದ.

*

ಪೋಸ್ಟಿಂಗ್ ಮುಗಿಯಿತು. ಪರೀಕ್ಷೆ ಬಂತು, ಹೋಯಿತು. ಪಂಚಶೀಲಾ ಪಾಸಾದಳು. ಮರುವರ್ಷ ಜೇವರ್ಗಿ ಕಡೆಯ ಇಜೇರಿಯ ದವಾಖಾನೆಗೆ ಗುತ್ತಿಗೆಯ ಮೇಲೆ ಸ್ಟಾಫ್ ನರ್ಸ್ ಆಗಿ ಬಂದಳು. ಅವನು ಒಮ್ಮೆಯೂ ಕೇಳಲಿಲ್ಲ. ಹಬ್ಬಕ್ಕೆ ಒಂದು ಫೋನು, ಶೈಲಶ್ರೀಯ ಮಗಳ ಫೋಟೋ, ಅಷ್ಟೇ. ‘ಮರೆತನೇ?’ ಎಂದು ಎಷ್ಟೋ ಸಲ ಮನಸ್ಸು ಕೇಳಿತು. ‘ನಾನೇ ಅಲ್ಲವೇ ಬಾಯಿ ಕಟ್ಟಿದವಳು...’

ಒಂದು ಮಧ್ಯಾಹ್ನ ಗಾಯದ ಕೋಣೆಯಲ್ಲಿ ಅವಳು ಹತ್ತಿ ಮಡಿಸುತ್ತಿದ್ದಳು. ಕುಂಟುತ್ತ ಒಬ್ಬ ರೋಗಿ ಬಂದ. ಮೊಣಕಾಲ ಕೆಳಗೆ ಪ್ಯಾಂಟು ಹರಿದು ರಕ್ತ.

“ಎಮ್ಮಿ ಒದ್ದದ್ರಿ, ಸಿಸ್ಟರ್.”

ಕೈಯಲ್ಲಿದ್ದ ಹತ್ತಿ ಜಾರಿತು.

“ನೀವು! ಅಫಜಲಪುರದ ಎಮ್ಮಿ ಒದ್ರ ಇಜೇರಿಗೆ ಬಂದೀರಾ?”

“ಇಲ್ಲೀದೇ ಎಮ್ಮಿ. ಜೇವರ್ಗಿಗೆ ವರ್ಗಾ ಮಾಡಿಸಕೊಂಡೇನಿ. ಇವತ್ತೇ ಮೊದಲ ದಿನ... ಛಲೋ ಸ್ವಾಗತ ಆತು!”

ಅವಳು ಗಾಯ ತೊಳೆಯತೊಡಗಿದಳು. ಔಷಧ ತಾಗಿದಾಗ ಅವನು, “ಸ್ಸ್...” ಎಂದ.

“ಮನಿಯಾಗ ಹೆಂಗದಾರ್ರಿ?”

“ಅಪ್ಪ ನನ್ನ ಜೋಡಿ ಇನ್ನೂ ಮಾತಾಡೂದಿಲ್ಲ. ಅವ್ವ ಮಾತಾಡ್ತಾಳ, ಬೈಯಾಕಷ್ಟೇ. ಮೊನ್ನೆ ಬೈಕೋತನೇ ಕೇಳಿದ್ಳು, ‘ಆಕಿಗೆ ಹೋಳಗಿ ಸೇರ್ತದೇನು’ ಅಂತ.” ಸ್ವಲ್ಪ ತಡೆದು ಹೇಳಿದ. “ಪುಣೆಗೆ ಹೋಗಿದ್ದೆ.”

ಅವಳ ಕೈ ನಿಂತಿತು. “ಅಪ್ಪನ ಹತ್ರ?!”

“ಹೌದ್ರಿ. ಮ್ಯಾಲ ಗ್ವಾಡಿ ಕಟ್ಟಾಕತ್ತಿದ್ರು. ಹತ್ತಿ ಹ್ವಾದೆ. ಕೆಳಗ ನೋಡಿ ತಲಿ ತಿರಗಿತು. ಗುರಣ್ಣ ಕಾಕಾನೇ ಕೈ ಹಿಡದು ಕುಂದ್ರಸಿದ್ರು. ಎಲ್ಲಾ ಹೇಳಿದೆ. ಮೊರದ್ದೂ ಹೇಳಿದೆ. ಕೈಯಾಗಿನ ಕರಣಿ ಕೆಳಗಿಟ್ರು.”

“ಆಮ್ಯಾಲ?”

“‘ನನಗ್ಯಾಕ ಕೇಳ್ತಿ? ನನ್ನ ಮಗಳಿಗೆ ಕೇಳು. ಆಕಿ ಹೂಂ ಅಂದ್ರ ಹೂಂ, ಇಲ್ಲಂದ್ರ ಇಲ್ಲ’ ಅಂದ್ರು.”

ಪಟ್ಟಿ ಸುತ್ತುವ ನೆಪದಲ್ಲಿ ಅವಳು ತಲೆ ತಗ್ಗಿಸಿದಳು. ಕಣ್ಣು ತುಂಬಿ ಬಂದಿದ್ದವು.

“ನನಗ ರಾತ್ರಿ ಪಾಳಿ ಇರ್ತದ್ರಿ. ಹಬ್ಬದ ದಿನಾನೂ ಇರ್ತದ.”

“ದನಕ್ಕೂ ಹಬ್ಬ ಗೊತ್ತಿಲ್ಲ. ನಂದೂ ಹಂಗೇ.”

“ನನ್ನ ಹೆಸರು ಬದಲಾಗೂದಿಲ್ಲ. ಪಂಚಶೀಲಾ ಗುರಣ್ಣ ಅಂತನೇ ಇರ್ತೇನಿ.”

“ಅದೇ ಹೆಸರು ಕೇಳಿದ್ದು ನಾ, ಅವತ್ತು.”

“ರೊಟ್ಟಿ ಯಾರು ಬಡೀಬೇಕು?”

“ಕಲೀಲಾಕತ್ತೇನಿ. ಉಬ್ಬೂದಿಲ್ಲ... ತಿನ್ನಾಕ ಬರ್ತದ.”

ಅವಳು ನಕ್ಕಳು. ಬಾಯಿ ತೆರೆದಳು. ಅಷ್ಟರಲ್ಲಿ ಹೊರಗೆ ಆಟೋ ನಿಂತ ಸದ್ದು, ಅದರ ಹಿಂದೆಯೇ ಹೆಂಗಸಿನ ನರಳಾಟ. ಒಬ್ಬ ಮುದುಕಿ ಓಡಿ ಬಂದು ಬಾಗಿಲಲ್ಲಿ ಕೂಗಿದಳು.

“ಪಂಚಶೀಲಾ ಸಿಸ್ಟರ್! ಎಲ್ಲದೀರಿ? ನನ್ನ ಸೊಸಿಗೆ ಬ್ಯಾನಿ ಎದ್ದಾವ್ರಿ... ಜಲ್ದಿ ಬರ್ರಿ!”

“ಬಂದೆ ಆಯಿ, ಹೆದರಬ್ಯಾಡ್ರಿ!” ಪಂಚಶೀಲಾ ಪಟ್ಟಿಯ ಕೊನೆಯ ಗಂಟು ಬಿಗಿದು, ಕೈ ತೊಳೆದು, ಸರಸರನೆ ನಡೆದಳು. ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ತಿರುಗಲಿಲ್ಲ.

“ಹೂಂ.”

“ಏನಂದ್ರಿ?” ಅವನು ಕುಂಟುಗಾಲಲ್ಲೇ ಎದ್ದ.

“ಹೂಂ ಅಂದೆ! ಕಾಲ ಮ್ಯಾಲ ಭಾರ ಹಾಕಬ್ಯಾಡ್ರಿ, ಅಲ್ಲೇ ಕೂಡ್ರಿ. ಕೂಸು ಬರ್ಲಿ... ಆಮ್ಯಾಲ ಮಾತಾಡೂಣು.”